ನಟನ ಕಂಠ, ಪೆಟ್ಟಿಗೆಯ ಶ್ರುತಿ

ಮಲಪ್ರಭೆ ಹುಟ್ಟುವ ಕಣಕುಂಬಿಯನ್ನು ಒಮ್ಮೆ ನೋಡಿಬರಬೇಕೆಂಬುದು ನನ್ನ ಬಹುದಿನದ ಆಸೆಯಾಗಿತ್ತು. ಕೆಲವು ವರ್ಷಗಳ ಹಿಂದೆ ಒಂದು ಚಳಿಗಾಲದಲ್ಲಿ ಅದು ಕೈಗೂಡಿತು. ಖಾನಾಪುರ ತಾಲ್ಲೂಕಿನ ಪಡುವಣ ಅಂಚಿನಲ್ಲಿ, ಬೆಳಗಾವಿಯಿಂದ ಜಾಂಬೋಟಿಯ ಮೇಲೆ ಹಾಯ್ದು ಚೋರ್ಲಾ ಘಟ್ಟ ಇಳಿದು ಗೋವೆಗೆ ಹೋಗುವ ದಾರಿಯಲ್ಲಿ, ಕಾಡಿನ ಮಗ್ಗುಲಿಗೆ ಇರುವ ಊರು ಅದು. ಮಾವುಲಿ ದೇವಿಯ ಗುಡಿಯ ಬಳಿ ನಿಂತು ನೋಡಿದರೆ ಹೊಳೆಯೆಂದು ಕರೆಯಲು ಸಂಕೋಚವಾಗುವಷ್ಟೇ ನೀರು. ಇದೇ ನೀರು ಸವದತ್ತಿಯ ಸೀಮೆಯನ್ನು ದಾಟಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಹೊತ್ತಿಗೆ ಎಂತಹ ನದಿಯಾಗಿರುತ್ತದೆಂಬುದನ್ನು ಬಲ್ಲವರಿಗೆ ಆ ಸಂಕೋಚ ಉಳಿಯುವುದಿಲ್ಲ.

ಆದರೆ ನಾನು ಹೇಳಹೊರಟಿರುವುದು ಹೊಳೆಯ ಕಥೆಯಲ್ಲ, ಹಾಡಿನ ಕಥೆ. ಆ ದಿನ ಸಂಜೆ ಹತ್ತಿರದ ಒಂದು ಹಳ್ಳಿಯಲ್ಲಿ ನಾಟಕವಿದೆಯೆಂದು ತಿಳಿದು ಅಲ್ಲಿಯೇ ಉಳಿದುಕೊಂಡೆ. ಊರ ಹುಡುಗರೇ ಕೂಡಿ ಆಡುವ ಪೌರಾಣಿಕ ನಾಟಕ. ಹಾಡುಗಳು ಕೆಲವು ಕನ್ನಡ, ಕೆಲವು ಮರಾಠಿ. ಜನರ ಹರಟೆಯಲ್ಲಿ ಎರಡೂ ಬೆರೆತಿದ್ದವು. ಬೆಳಗಾವಿಯ ಕಡೆಯಿಂದ ಒಬ್ಬ ವಯಸ್ಸಾದ ಪೆಟ್ಟಿಗೆ ಮಾಸ್ತರರನ್ನು ಕರೆಸಿದ್ದರು. ಹಾರ್ಮೋನಿಯಂಗೆ ನಮ್ಮ ಕಡೆ ‘ಪೆಟ್ಟಿಗೆ’ ಎಂದೇ ಹೆಸರು. ನಾಟಕಕ್ಕೆ ಇನ್ನೂ ಮೂರು ತಾಸು ಇರುವಾಗ ರಂಗದ ಹಿಂದೆ ಒಂದು ತಕರಾರು ಎದ್ದಿತು. ನಾರದನ ಪಾತ್ರ ಮಾಡುವ ಹುಡುಗನಿಗೆ ಹದಿನಾಲ್ಕೋ ಹದಿನೈದೋ ವರ್ಷ. ಒಂದು ವರ್ಷದೊಳಗೆ ಅವನ ದನಿ ಒಡೆದಿತ್ತು. ಹೋದ ಸಲ ಲೀಲೆಯಿಂದ ಏರಿದ್ದ ಜಾಗಕ್ಕೆ ಈಗ ದನಿ ಏರಲೊಲ್ಲದು, ಏರಿದರೆ ಒಡಕು. ಅವನನ್ನು ಬಿಟ್ಟು ಬೇರೊಬ್ಬ ಚಿಕ್ಕ ಹುಡುಗನಿಗೆ ವೇಷ ಕಟ್ಟೋಣವೆಂದು ಕೆಲವರು ಹೇಳುತ್ತಿದ್ದರು. ಹುಡುಗ ಮುಖ ತಗ್ಗಿಸಿ ಕಂಬಕ್ಕೆ ಒರಗಿ ನಿಂತಿದ್ದ.

ಮಾಸ್ತರರು, “ಇಳಿಸೋಣಲ್ಲ, ಅದರಾಗೇನೈತಿ?” ಎಂದರು.

ಹುಡುಗನ ತಂದೆ ಒಪ್ಪಲಿಲ್ಲ. “ಹೋದ ವರ್ಷ ಇದನ್ನ ಕಪ್ಪು ಐದರಾಗ ಹಾಡ್ಯಾನ್ರೀ ಮಾಸ್ತರ. ನನ್ನ ಕಾಲಕ್ಕ ನಾನೂ ಅದರಾಗ ಹಾಡೀನಿ. ಇಳಿಸಿದ್ರ ಮಂದಿ ಏನಂದಾರು?”

“ಮಂದಿ ಹಾಡು ಕೇಳಾಕ ಬರ್ತಾರ ಯಜಮಾನ್ರ, ಪೆಟ್ಟಿಗೀ ಮನಿ ಎಣಿಸಾಕಲ್ಲ.”

ಈ ಒಂದು ಮಾತಿನಲ್ಲಿ ನಮ್ಮ ಸಂಗೀತ ನಾಟಕದ ನೂರು ವರ್ಷಕ್ಕೂ ಮಿಕ್ಕಿದ ಇತಿಹಾಸ ಅಡಗಿದೆಯೆಂದು ನನಗೆ ಆಗ ಅನಿಸಿತು. ನಟನಿಗೆ ತಕ್ಕಂತೆ ಹಾಡಿನ ಶ್ರುತಿಯನ್ನು ಏರಿಸುವುದು, ಇಳಿಸುವುದು ಎಂಬ ಪ್ರಶ್ನೆ ಯಾವಾಗ ಹುಟ್ಟಿತು? ಅದನ್ನು ಬಿಡಿಸಿದವರು ಯಾರು?

ಮೊದಲು ಈ ಪ್ರಶ್ನೆಯೇ ಇರಲಿಲ್ಲ. ನಮ್ಮ ಯಕ್ಷಗಾನದಲ್ಲಿ ಹಾಡುವವನು ಭಾಗವತ. ರಾಮನ ಹಾಡೂ ಅವನದೇ, ರಾವಣನ ಹಾಡೂ ಅವನದೇ, ಸೀತೆಯ ಅಳಲೂ ಅವನ ಕಂಠದಿಂದಲೇ ಬರಬೇಕು. ಒಬ್ಬನೇ ಹಾಡುಗಾರನಾದ ಮೇಲೆ ಶ್ರುತಿಯೂ ಅವನದೇ. ಚೆಂಡೆ ಮದ್ದಳೆಗಳು ಆ ಶ್ರುತಿಗೆ ಕೂಡಿದರೆ ಇರುಳು ಕಳೆಯುವವರೆಗೆ ಚಿಂತೆಯಿಲ್ಲ. 1842ರಲ್ಲಿ ಕನ್ನಡ ನಾಡಿನ ಇಂತಹದೊಂದು ಭಾಗವತ ಮೇಳ ಸಾಂಗ್ಲಿಗೆ ಹೋಗಿ ಆಟವಾಡಿತು. ಅದನ್ನು ಕಂಡ ಸಾಂಗ್ಲಿಯ ಅರಸ ಚಿಂತಾಮಣರಾವ ಪಟವರ್ಧನರು ತಮ್ಮ ಆಶ್ರಯದಲ್ಲಿದ್ದ ವಿಷ್ಣುದಾಸ ಭಾವೆಯವರಿಗೆ ಅಂತಹದನ್ನು ಮರಾಠಿಯಲ್ಲಿ ಮಾಡಲು ಹೇಳಿದರು. 1843ರಲ್ಲಿ ‘ಸೀತಾ ಸ್ವಯಂವರ’ ಬಂದಿತು. ಮರಾಠಿ ರಂಗಭೂಮಿಯ ಆರಂಭವನ್ನು ಅಲ್ಲಿಂದ ಎಣಿಸುತ್ತಾರೆ. ಭಾವೆಯವರ ಆಟದಲ್ಲಿಯೂ ಹಾಡುವವನು ಸೂತ್ರಧಾರ, ಅವನ ಹಿಂದೆ ಮೇಳದವರು. ಪಾತ್ರಧಾರಿಗಳದು ಕುಣಿತ ಮತ್ತು ಮಾತು. ಅಲ್ಲಿಯೂ ಒಂದೇ ಶ್ರುತಿ.

ಈ ಕಟ್ಟು ಬದಲಾದದ್ದು 1880ರಲ್ಲಿ. ಬದಲಿಸಿದವರು ಮಲಪ್ರಭೆಯ ದಂಡೆಯ ಮೇಲಿನ ಗುರ್ಲಹೊಸೂರಿನಲ್ಲಿ 1843ರಲ್ಲಿ ಹುಟ್ಟಿದ ಬಲವಂತ ಪಾಂಡುರಂಗ ಕಿರ್ಲೋಸ್ಕರ ಅವರು. ಅಣ್ಣಾಸಾಹೇಬರೆಂದೇ ಪ್ರಸಿದ್ಧರು. ಕೆಲಕಾಲ ಬೆಳಗಾವಿಯಲ್ಲಿ ಶಿಕ್ಷಕರಾಗಿದ್ದವರು. ಅವರ ‘ಸಂಗೀತ ಶಾಕುಂತಲ’ದ ಮೊದಲ ನಾಲ್ಕು ಅಂಕಗಳು 1880ರ ಅಕ್ಟೋಬರ್ 31ರಂದು ಪುಣೆಯಲ್ಲಿ ರಂಗವೇರಿದವು, 1882ರಲ್ಲಿ ‘ಸೌಭದ್ರ’ ಬಂದಿತು. ಅವರ ಪದಗಳಲ್ಲಿ ಕರ್ನಾಟಕದ ಧಾಟಿಗಳು ಕೂಡಿಕೊಂಡಿರುವುದನ್ನು ಬಲ್ಲವರು ಗುರುತಿಸಿದ್ದಾರೆ. ಆದರೆ ಧಾಟಿಗಿಂತಲೂ ದೊಡ್ಡ ಮಾರ್ಪಾಟು ಬೇರೆ ಇದೆ. ಸೂತ್ರಧಾರನ ಬಾಯಲ್ಲಿದ್ದ ಹಾಡನ್ನು ಅವರು ಪಾತ್ರದ ಬಾಯಿಗೆ ಕೊಟ್ಟರು. ದುಷ್ಯಂತನ ಹಾಡನ್ನು ದುಷ್ಯಂತನೇ ಹಾಡಬೇಕು, ಶಕುಂತಲೆಯದನ್ನು ಶಕುಂತಲೆಯೇ ಹಾಡಬೇಕು. ಒಂದು ನಾಟಕಕ್ಕೆ ಒಂದು ಕಂಠವಿದ್ದದ್ದು ಐದಾರು ಕಂಠಗಳಾದವು. ನಾಂದಿಯನ್ನು ಎಲ್ಲರೂ ಕೂಡಿ ಒಂದೇ ಶ್ರುತಿಯಲ್ಲಿ ಹಾಡಬಹುದು. ಆಮೇಲೆ ಒಬ್ಬೊಬ್ಬನೂ ತನ್ನ ದಾರಿ ಹಿಡಿಯಲೇಬೇಕು. ನಮ್ಮ ಪ್ರಶ್ನೆ ಹುಟ್ಟಿದ್ದು ಆ ಇರುಳೇ ಎಂದರೆ ತಪ್ಪಾಗಲಾರದು.

ಕನ್ನಡದಲ್ಲಿಯೂ ಅದೇ ಕಾಲದ ಗಾಳಿ ಬೀಸುತ್ತಿತ್ತು. ಗದುಗಿನಲ್ಲಿ ಸಕ್ಕರಿ ಬಾಳಾಚಾರ್ಯರು, ಎಂದರೆ ಶಾಂತಕವಿಗಳು, 1870ರ ದಶಕದಲ್ಲಿಯೇ ಕನ್ನಡ ನಾಟಕಕ್ಕೆ ಸೊಂಟ ಕಟ್ಟಿದರು. ಮುಂದೆ ಶಿರಹಟ್ಟಿಯ ವೆಂಕೋಬರಾಯರು, ಗರುಡ ಸದಾಶಿವರಾಯರು, ವಾಮನರಾವ ಮಾಸ್ತರರು ಕಂಪನಿಗಳನ್ನು ಕಟ್ಟಿ ಊರೂರು ತಿರುಗಿದರು. ಮೈಸೂರಿನ ಕಡೆ ವರದಾಚಾರ್ಯರು, ಗುಬ್ಬಿ ವೀರಣ್ಣನವರು. ಈ ಎಲ್ಲ ಕಂಪನಿಗಳಲ್ಲಿಯೂ ನಟನೆಂದರೆ ಮೊದಲು ಹಾಡುಗಾರ. ಟಿಕೀಟು ಕೊಂಡವನು ಕೇಳುತ್ತಿದ್ದ ಮೊದಲ ಪ್ರಶ್ನೆ, “ಇವತ್ತ ಯಾರು ಹಾಡ್ತಾರ?” ಎಂಬುದೇ.

ಇಲ್ಲಿ ಶ್ರುತಿಯ ವಿಷಯವನ್ನು ಒಂದಿಷ್ಟು ಬಿಡಿಸಿ ಹೇಳಬೇಕು. ನಮ್ಮ ಸಂಗೀತದಲ್ಲಿ ಷಡ್ಜಕ್ಕೆ ಕಟ್ಟಿಟ್ಟ ಸ್ಥಾನವಿಲ್ಲ. ಹಾಡುವವನು ತನ್ನ ಕಂಠಕ್ಕೆ ಎಲ್ಲಿ ಸುಖವೋ ಅಲ್ಲಿ ಷಡ್ಜವನ್ನು ಇಟ್ಟುಕೊಳ್ಳುತ್ತಾನೆ. ಉಳಿದ ಸ್ವರಗಳು ಅದರ ಹಿಂದೆ ತಾವಾಗಿ ಸಾಲುಗೊಳ್ಳುತ್ತವೆ. ಭೂಪ ರಾಗ ಎಲ್ಲಿಂದ ಹಾಡಿದರೂ ಭೂಪವೇ. ಆದ್ದರಿಂದ ಶಾಸ್ತ್ರದ ಮಟ್ಟಿಗೆ ಹಾಡನ್ನು ಇಳಿಸುವುದು ಏರಿಸುವುದು ಒಂದು ಸಮಸ್ಯೆಯೇ ಅಲ್ಲ. ಕಚೇರಿಯಲ್ಲಿ ಹಾಡುವವನು ಒಬ್ಬನೇ. ತಂಬೂರಿಯನ್ನು ಒಮ್ಮೆ ಕೂಡಿಸಿದರೆ ಮುಗಿಯಿತು. ನಾಟಕದಲ್ಲಿ ಹಾಗಲ್ಲ. ನಾಯಕ ಹಾಡಿ ಒಳಗೆ ಹೋದ ಎರಡು ನಿಮಿಷಕ್ಕೆ ನಾಯಕಿ ಬರುತ್ತಾಳೆ. ಅಷ್ಟರೊಳಗೆ ತಂಬೂರಿಯ ತಂತಿ ತಿರುವುತ್ತ ಕೂಡಲಾದೀತೆ?

ಇದಕ್ಕೆ ಉಪಾಯ ದೊರೆತದ್ದು ಪರದೇಶದ ಒಂದು ವಾದ್ಯದಿಂದ. ಫ್ರಾನ್ಸಿನ ದೆಬೆಯ್ನ್ 1842ರಲ್ಲಿ ಹಾರ್ಮೋನಿಯಂಗೆ ಸ್ವಾಮ್ಯದ ಹಕ್ಕು ಪಡೆದ. ಕಾಲಿನಿಂದ ತುಳಿದು ಗಾಳಿ ತುಂಬುವ ಆ ದೊಡ್ಡ ಪೆಟ್ಟಿಗೆಯನ್ನು ಕಲಕತ್ತೆಯ ದ್ವಾರಕಾನಾಥ ಘೋಷರು 1875ರ ಸುಮಾರಿಗೆ ಕೈಯಿಂದ ಗಾಳಿ ಹಾಕುವ ಚಿಕ್ಕ ಪೆಟ್ಟಿಗೆಯನ್ನಾಗಿ ಮಾಡಿದರು. ನಾಟಕದವರು ಎರಡನ್ನೂ ಬಿಡಲಿಲ್ಲ. ಕಾಲುಪೆಟ್ಟಿಗೆಯಾದರೆ ಎರಡೂ ಕೈ ಬಿಡುವಾಗಿ ನುಡಿಸಬಹುದು, ದನಿಯೂ ದೊಡ್ಡದು. ಇದರ ಮನೆಗಳಲ್ಲಿ ಒಂದು ಸಪ್ತಕಕ್ಕೆ ಏಳು ಬಿಳಿ, ಐದು ಕಪ್ಪು. ಮರಾಠಿಯವರು ‘ಕಾಳೀ ಚಾರ’, ‘ಪಾಂಢರೀ ಪಾಚ’ ಎಂದದ್ದನ್ನು ನಮ್ಮವರು ‘ಕಪ್ಪು ನಾಲ್ಕು’, ‘ಬಿಳಿ ಐದು’ ಎಂದರು. ಮೈಸೂರಿನ ಕಡೆಯವರು ‘ಐದು ಮನೆ’, ‘ಐದೂವರೆ ಮನೆ’ ಎಂದು ಎಣಿಸುತ್ತಾರೆ. ನಟನೊಬ್ಬನು ಹೊಸ ಕಂಪನಿಗೆ ಸೇರಿದರೆ ಪೆಟ್ಟಿಗೆಯವರು ಮೊದಲು ಕೇಳುವುದು ಈ ಲೆಕ್ಕವನ್ನೇ.

ಆದರೆ ಶ್ರುತಿ ಬದಲಿಸುವುದೆಂದರೆ ಕೈಯನ್ನು ಒಂದು ಮನೆ ಆಚೆ ಇಡುವುದಷ್ಟೇ ಅಲ್ಲ. ಷಡ್ಜ ಜರುಗಿದರೆ ಬೆರಳ ದಾರಿ ಪೂರ್ತಿ ಬದಲಾಗುತ್ತದೆ. ಬಿಳಿ ಮೂರನ್ನು ಷಡ್ಜ ಮಾಡಿಕೊಂಡರೆ ಭೈರವಿ ಎಲ್ಲ ಬಿಳಿ ಮನೆಗಳ ಮೇಲೆಯೇ ನಡೆದುಹೋಗುತ್ತದೆ. ಕಲಿಯುವ ಹುಡುಗನೂ ನುಡಿಸಿಯಾನು. ಬಿಳಿ ನಾಲ್ಕರಿಂದ ಯಮನ್ ಹಾಗೆಯೇ ಸಲೀಸು. ಅದೇ ಭೈರವಿಯನ್ನು ಕಪ್ಪು ಒಂದರಿಂದ ನುಡಿಸಿರೆಂದರೆ ಬೆರಳು ಕಪ್ಪು ಬಿಳಿಗಳ ನಡುವೆ ಹತ್ತಿ ಇಳಿಯಬೇಕು. ಇನ್ನೊಂದು ಸೋಜಿಗ ನೋಡಿ. ಐದು ಕಪ್ಪು ಮನೆಗಳನ್ನಷ್ಟೇ ಮುಟ್ಟುತ್ತ ಕಪ್ಪು ಮೂರನ್ನು ಷಡ್ಜವೆಂದು ಹಿಡಿದರೆ ಭೂಪ; ಅವೇ ಐದು ಮನೆ, ಷಡ್ಜ ಮಾತ್ರ ಕಪ್ಪು ಒಂದಕ್ಕೆ ಬಂದರೆ ದುರ್ಗಾ; ಕಪ್ಪು ಐದಕ್ಕೆ ಹೋದರೆ ಮಾಲಕಂಸ. ಮನೆ ಅವೇ, ಯಜಮಾನ ಬದಲಾದರೆ ಸಂಸಾರವೇ ಬದಲು! ಹನ್ನೆರಡು ಮನೆಗಳಲ್ಲಿ ಯಾವುದನ್ನು ಷಡ್ಜ ಮಾಡಿದರೂ ಹತ್ತಿಪ್ಪತ್ತು ರಾಗಗಳನ್ನು ತಡವರಿಸದೆ ನುಡಿಸಬಲ್ಲವನೇ ಕಂಪನಿಗೆ ಯೋಗ್ಯನಾದ ಪೆಟ್ಟಿಗೆ ಮಾಸ್ತರ. ಮುಂದೆ ಮನೆಗಳ ಹಲಗೆಯನ್ನೇ ಜರುಗಿಸುವ ಪೆಟ್ಟಿಗೆಗಳು ಬಂದು ಈ ಕಷ್ಟ ಹಗುರಾಯಿತು. ಆದರೆ ಹಳಬರು ಅದನ್ನು ಸೋಮಾರಿಯ ಪೆಟ್ಟಿಗೆಯೆಂದು ನಗುತ್ತಿದ್ದುದನ್ನು ನಾನೇ ಕೇಳಿದ್ದೇನೆ.

ಈ ಅನುಕೂಲಕ್ಕೆ ಒಂದು ಬೆಲೆಯೂ ಇತ್ತು. ಯಾವ ಮನೆಯಿಂದ ಹೊರಟರೂ ಹಾಡು ಒಂದೇ ತೆರನಾಗಿ ಕೇಳಬೇಕಾದರೆ ಹನ್ನೆರಡು ಅಂತರಗಳನ್ನೂ ಸಮವಾಗಿ ಹಂಚಬೇಕು. ಹಾಗೆ ಹಂಚಿದರೆ ಗಾಂಧಾರ, ಧೈವತ ಮೊದಲಾದವು ತಮ್ಮ ನಿಜವಾದ ಸ್ಥಾನದಿಂದ ಕೊಂಚ ಸರಿಯುತ್ತವೆ. ಸಾಂಗ್ಲಿಯ ಕೃಷ್ಣಾಜಿ ಬಲ್ಲಾಳ ದೇವಲರೂ ಸಿವಿಲ್ ಸರ್ವಿಸಿನ ಕ್ಲೆಮೆಂಟ್ಸರೂ ಇದನ್ನು ಸಹಿಸದೆ 22 ಶ್ರುತಿಗಳ ಪೆಟ್ಟಿಗೆಯೊಂದನ್ನು ರೂಪಿಸಿದರು. ಕ್ಲೆಮೆಂಟ್ಸರ ಗ್ರಂಥ 1913ರಲ್ಲಿ ಅಚ್ಚಾಯಿತು. ಆಕಾಶವಾಣಿಯಂತೂ 1940ರಲ್ಲಿ ಹಾರ್ಮೋನಿಯಂಗೆ ಬಾಗಿಲನ್ನೇ ಮುಚ್ಚಿತು. ಮತ್ತೆ ತೆರೆಯಲು ಮೂರು ದಶಕ ಹಿಡಿಯಿತು. ಪಂಡಿತರ ಆಕ್ಷೇಪ ಸುಳ್ಳಲ್ಲ. ಆದರೆ ಅವರು ಕಚೇರಿಯ ಹಾಡುಗಾರನನ್ನು ಕಣ್ಣ ಮುಂದಿಟ್ಟುಕೊಂಡು ಮಾತಾಡಿದರು. ಒಂದೇ ಇರುಳು ಆರು ಕಂಠಗಳನ್ನು ನಡೆಸಬೇಕಾದ ಕಂಪನಿಗೆ ಆ ಕೊಂಚ ಸರಿದ ಗಾಂಧಾರವೇ ಅನ್ನ ಹಾಕಿತು.

ಈಗ ಕಂಠಗಳ ಮಾತಿಗೆ ಬರೋಣ. ಕಂಪನಿಯ ನಟ ಬಹುಮಟ್ಟಿಗೆ ಹುಡುಗನಾಗಿರುವಾಗಲೇ ಬಂದು ಸೇರುತ್ತಿದ್ದ. ಪ್ರಹ್ಲಾದ, ಧ್ರುವ, ನಾರದ, ಮೇಲೆ ಸ್ತ್ರೀಪಾತ್ರಗಳು. ಮಲ್ಲಿಕಾರ್ಜುನ ಮನಸೂರರು ಅಂತಹ ಹುಡುಗರಲ್ಲಿ ಒಬ್ಬರು. ವಾಮನರಾವ ಮಾಸ್ತರರ ಕಂಪನಿಯಲ್ಲಿದ್ದಾಗಲೇ ಮಿರಜಿನ ನೀಲಕಂಠಬುವಾ ಅವರ ಹಾಡು ಕೇಳಿ ಶಿಷ್ಯನನ್ನಾಗಿ ಮಾಡಿಕೊಂಡರು. ಎಲ್ಲರಿಗೂ ಆ ಭಾಗ್ಯವಿರಲಿಲ್ಲ. ದನಿ ಒಡೆಯುವ ವಯಸ್ಸಿನಲ್ಲಿ ಹಳೆಯ ಶ್ರುತಿಯಲ್ಲಿಯೇ ಹಾಡೆಂದು ಹಟ ಹಿಡಿದರೆ ಕಂಠ ಹಾಳಾಗುತ್ತದೆ. ಹಾಡು ಹೋದರೆ ಪಾತ್ರ ಹೋಯಿತು. ಪಾತ್ರ ಹೋದರೆ ಪಗಾರ ಹೋಯಿತು. ಕೇಶವರಾವ ಭೋಸಲೆಯವರು ಹುಡುಗರಾಗಿ ಶಾರದೆಯ ಪಾತ್ರದಿಂದ ಹೆಸರಾಗಿ, ಬೆಳೆದ ಮೇಲೆ ನಾಯಕನ ಪಾತ್ರಗಳಲ್ಲಿಯೂ ಗೆದ್ದವರು. ಅವರು ‘ಲಲಿತಕಲಾದರ್ಶ’ವನ್ನು 1908ರ ಜನವರಿ 1ರಂದು ಸ್ಥಾಪಿಸಿದ್ದು ನಮ್ಮ ಹುಬ್ಬಳ್ಳಿಯಲ್ಲಿ ಎಂಬುದನ್ನು ಇಂದು ಹುಬ್ಬಳ್ಳಿಯವರೇ ಮರೆತಿರಬಹುದು.

ಕೇಶವರಾಯರದು ಏರು ಕಂಠ, ಮೊನಚು. ಬಾಲಗಂಧರ್ವರದು ಮೆಲುಪು. ಗಂಡಸಿನ ಕಂಠದಲ್ಲಿಯೇ, ಹೆಣ್ಣಿನ ದನಿಯನ್ನು ಅನುಕರಿಸದೆ ಹಾಡಿ, ಕೇಳಿದವರು ಭಾಮಿನಿಯನ್ನೇ ಕಂಡೆವೆನ್ನುವಂತೆ ಮಾಡಿದವರು ಅವರು. 1921ರ ಜುಲೈ 8ರಂದು ತಿಲಕ ಸ್ವರಾಜ್ಯ ನಿಧಿಗಾಗಿ ಮುಂಬಯಿಯಲ್ಲಿ ಇವರಿಬ್ಬರೂ ಕೂಡಿ ‘ಮಾನಾಪಮಾನ’ವನ್ನು ಆಡಿದರು. ಕೇಶವರಾಯರು ಧೈರ್ಯಧರ, ಬಾಲಗಂಧರ್ವರು ಭಾಮಿನಿ. ಎರಡು ಕಂಪನಿ, ಎರಡು ಕಂಠ, ನಾಟಕ ಒಂದು. ಆ ಇರುಳಿನ ಬಗೆಗೆ ಬರೆದವರೆಲ್ಲ ಯಾರು ಮಿಗಿಲೆಂದು ತೂಗಿದರು. ಎರಡು ಸ್ವಭಾವದ ಕಂಠಗಳ ನಡುವೆ ಕುಳಿತು ನುಡಿಸಿದವರ ಕೆಲಸವನ್ನು ಯಾರಾದರೂ ತೂಗಿದರೇ? ಅದೇ ವರ್ಷದ ಅಕ್ಟೋಬರಿನಲ್ಲಿ ಕೇಶವರಾಯರು ತೀರಿಕೊಂಡರು; ಆಗ ಅವರಿಗೆ ಮೂವತ್ತೊಂದೇ ವರ್ಷ.

ಏರು ಶ್ರುತಿಗೆ ಅಂದು ಅಷ್ಟೊಂದು ಮರ್ಯಾದೆ ಬಂದದ್ದೇಕೆ? ಕಾರಣ ಸರಳ. ಆಗ ಧ್ವನಿವರ್ಧಕವಿರಲಿಲ್ಲ. ತಗಡಿನ ಥಿಯೇಟರಿನ ಕೊನೆಯ ಸಾಲಿನಲ್ಲಿ ನೆಲದ ಮೇಲೆ ಕುಳಿತವನೂ ಆಣೆ ಕೊಟ್ಟೇ ಬಂದಿದ್ದಾನೆ, ಅವನಿಗೆ ಮುಟ್ಟಬೇಕು. ತಗ್ಗಿನ ದನಿ ಅಲ್ಲಿಗೆ ಹೋಗುವಷ್ಟರಲ್ಲಿ ಕರಗಿಬಿಡುತ್ತದೆ, ಏರಿನ ದನಿ ಸೀಳಿಕೊಂಡು ಹೋಗುತ್ತದೆ. ಅವಶ್ಯಕತೆಯಿಂದ ಹುಟ್ಟಿದ್ದು ಬರಬರುತ್ತ ಅಭಿಮಾನವಾಯಿತು. ‘ಕಪ್ಪು ಐದರಲ್ಲಿ ಹಾಡುವವ’ ಎಂಬುದು ಪೈಲವಾನನಿಗೆ ಗದೆ ಕೊಟ್ಟಂತೆ. ತಮಿಳಿನಲ್ಲಿಯೂ ಇದೇ ಕಥೆ. ಅಲ್ಲಿ ಕಿಟ್ಟಪ್ಪನವರೂ ಸುಂದರಾಂಬಾಳ್ ಅವರೂ ಜೋಡಿಯಾಗಿ ಮೆರೆಯಲು ಒಂದು ಕಾರಣ, ಕಿಟ್ಟಪ್ಪನವರ ಏರು ಶ್ರುತಿಗೆ ಸುಂದರಾಂಬಾಳ್ ಅವರ ಕಂಠ ಸರಿಜೋಡಿಯಾದದ್ದು. ಕಿಟ್ಟಪ್ಪನವರು 1933ರಲ್ಲಿ ಇಪ್ಪತ್ತೇಳರ ವಯಸ್ಸಿನಲ್ಲಿಯೇ ಅಗಲಿದರು.

ಹೆಣ್ಣುಮಕ್ಕಳು ಕಂಪನಿಯ ರಂಗಕ್ಕೆ ಬಂದ ಮೇಲೆ ಸಮಸ್ಯೆ ಇನ್ನೊಂದು ರೂಪ ತಾಳಿತು. ಸ್ತ್ರೀಪಾತ್ರವನ್ನು ಗಂಡಸೇ ಮಾಡುವಾಗ ನಾಯಕ ನಾಯಕಿಯರ ಶ್ರುತಿಗಳಲ್ಲಿ ಅಂತರ ಅಷ್ಟಿಷ್ಟು. ಈಗ ನಾಯಕ ಕಪ್ಪು ಒಂದಾದರೆ ನಾಯಕಿ ಕಪ್ಪು ನಾಲ್ಕು. ಬಿಡಿ ಹಾಡುಗಳಿಗೆ ಚಿಂತೆಯಿಲ್ಲ. ಯುಗಳಗೀತೆ ಬಂದರೆ ಏನು ಮಾಡಬೇಕು? ನಾಯಕನ ಶ್ರುತಿಯಲ್ಲಿ ಹಾಡಿದರೆ ಅವಳ ದನಿ ಪಾತಾಳಕ್ಕೆ ಇಳಿಯುತ್ತದೆ. ಅವಳ ಶ್ರುತಿಯಲ್ಲಿ ಹಾಡಿದರೆ ಅವನ ಕುತ್ತಿಗೆಯ ನರ ಉಬ್ಬುತ್ತದೆ. ಅನುಭವಿ ಮಾಸ್ತರರು ಎರಡು ಉಪಾಯ ಕಂಡುಕೊಂಡರು. ಒಂದು, ನಡುವಿನ ಒಂದು ಮನೆ ಹಿಡಿದು ಇಬ್ಬರಿಂದಲೂ ಸ್ವಲ್ಪ ಸ್ವಲ್ಪ ಬಿಟ್ಟುಕೊಡಿಸುವುದು. ಇನ್ನೊಂದು, ನುಡಿ ನುಡಿಗೂ ಶ್ರುತಿ ಬದಲಿಸಿ, ಅವನ ಪಂಚಮವನ್ನೇ ಅವಳ ಷಡ್ಜವನ್ನಾಗಿ ಮಾಡುವುದು.

ಈ ಎರಡನೆಯದರಲ್ಲಿ ಒಂದು ಸೊಗಸಿದೆ. ಕಪ್ಪು ಒಂದನ್ನು ಷಡ್ಜ ಮಾಡಿದವನಿಗೆ ಕಪ್ಪು ನಾಲ್ಕೇ ಪಂಚಮ. ಆದ್ದರಿಂದ ಕಪ್ಪು ನಾಲ್ಕಕ್ಕೆ ಕೂಡಿಸಿದ ಒಂದೇ ತಬಲಾ ಇಬ್ಬರಿಗೂ ಸಲ್ಲುತ್ತದೆ: ಅವಳಿಗೆ ಷಡ್ಜ, ಅವನಿಗೆ ಪಂಚಮ. ಕಪ್ಪು ಎರಡಕ್ಕೂ ಕಪ್ಪು ಐದಕ್ಕೂ ಇದೇ ನಂಟು. ತಬಲಾದವನು ಸುತ್ತಿಗೆ ಎತ್ತಬೇಕಾಗಿಲ್ಲ, ಆಟ ನಿಲ್ಲಬೇಕಾಗಿಲ್ಲ. ಮಾತು ನಡೆದಿರುವಾಗಲೇ ಪೆಟ್ಟಿಗೆಯವನು ಹೊಸ ಷಡ್ಜವನ್ನು ಮೆಲ್ಲಗೆ ಹಿಡಿದಿಡುತ್ತಾನೆ. ಅದು ಪ್ರೇಕ್ಷಕರ ಗಮನಕ್ಕೆ ಬಾರದು, ನಟನ ಕಿವಿಗೆ ಮಾತ್ರ ಬೀಳುತ್ತದೆ.

ಹೊರಗಿನ ದೇಶಗಳಲ್ಲಿ ಇದು ಇಷ್ಟು ಸುಲಭವಲ್ಲ. ಅಲ್ಲಿಯ ಸಂಗೀತ ನಾಟಕದಲ್ಲಿ ಇಪ್ಪತ್ತು ಮೂವತ್ತು ವಾದ್ಯಗಾರರು ಬರೆದಿಟ್ಟ ಸ್ವರಲಿಪಿಯನ್ನು ನೋಡಿ ನುಡಿಸುತ್ತಾರೆ. ಹೊಸ ನಟಿಗೆ ಹಾಡನ್ನು ಒಂದು ಮೆಟ್ಟಿಲು ಇಳಿಸಬೇಕಾದರೆ ಅಷ್ಟೂ ಜನರ ಕಾಗದಗಳನ್ನು ಮತ್ತೆ ಬರೆಯಬೇಕು. ಅಮೆರಿಕದ ಪ್ರಸಿದ್ಧ ಗೀತಕಾರ ಅರ್ವಿಂಗ್ ಬರ್ಲಿನ್ ಹುಟ್ಟಿದ್ದು ಬಾಲಗಂಧರ್ವರು ಹುಟ್ಟಿದ 1888ರಲ್ಲಿಯೇ. ಆತನಿಗೆ ಪಿಯಾನೋದ ಕಪ್ಪು ಮನೆಗಳ ಮೇಲೆ ಮಾತ್ರ ಕೈ ಓಡುತ್ತಿತ್ತು. ಬೇರೆ ಶ್ರುತಿ ಬೇಕಾದಾಗ ಕೆಳಗಿನ ಹಿಡಿಯೊಂದನ್ನು ಜರುಗಿಸಿದರೆ ಶ್ರುತಿ ಬದಲಾಗುವಂತಹ ಪಿಯಾನೋವನ್ನು ಇಟ್ಟುಕೊಂಡಿದ್ದ. ನಮ್ಮ ಹಳಬರು ಅದಕ್ಕೂ ನಗುತ್ತಿದ್ದರೇನೋ!

ಧ್ವನಿವರ್ಧಕ ಬಂದ ಮೇಲೆ ಏರು ಶ್ರುತಿಯ ಅವಶ್ಯಕತೆ ಹೋಯಿತು, ಅಭಿಮಾನ ಮಾತ್ರ ಬಹುಕಾಲ ಉಳಿಯಿತು. ಗುರ್ಲಹೊಸೂರಿರುವ ಸವದತ್ತಿ ತಾಲ್ಲೂಕಿನವರೇ ಆದ ಏಣಗಿ ಬಾಳಪ್ಪನವರು ಹರೆಯದಲ್ಲಿ ಸ್ತ್ರೀಪಾತ್ರಗಳಿಂದ ಹೆಸರಾಗಿ, ಮುಂದೆ ಬಸವಣ್ಣನ ಪಾತ್ರದಿಂದ ಮನೆಮಾತಾಗಿ, ನೂರು ದಾಟಿ ಬದುಕಿ 2017ರಲ್ಲಿ ಕಣ್ಮುಚ್ಚಿದರು. ಒಬ್ಬ ನಟನ ಒಂದೇ ಆಯುಷ್ಯದೊಳಗೆ ಹೆಣ್ಣು, ಗಂಡು, ಶರಣ ಎಲ್ಲರೂ ಬಂದುಹೋಗುತ್ತಾರೆ. ಕಂಠವೂ ಆ ದಾರಿಯಲ್ಲಿ ಅವರೊಡನೆ ನಡೆಯಬೇಕು. ಶ್ರುತಿಯನ್ನು ಗಟ್ಟಿಯಾಗಿ ಮೊಳೆ ಹೊಡೆದಿಟ್ಟಿದ್ದರೆ ಅಂತಹ ಬಾಳು ಸಾಧ್ಯವಿತ್ತೆ?

ಇಳಿಸುವುದರಿಂದ ಏನೂ ನಷ್ಟವಿಲ್ಲವೆಂದು ನಾನು ಹೇಳಲಾರೆ. ತಾರಸಪ್ತಕದಲ್ಲಿ ಮಿಂಚಬೇಕೆಂದೇ ಕಟ್ಟಿದ ಹಾಡು ಇಳಿದಾಗ ಒಂದಿಷ್ಟು ಹೊಳಪು ಮಾಸುತ್ತದೆ. ಮಂದ್ರದ ಸ್ವರಗಳು ಕೇಳಿಸದೆ ಹೋಗುತ್ತವೆ. ಆದರೆ ಹೊಳಪಿಗಾಗಿ ಹಾಡುವವನನ್ನೇ ಕಳೆದುಕೊಳ್ಳುವುದು ಯಾವ ಲೆಕ್ಕ? ಹಾಡು ಇರುವುದು ಸ್ವರಗಳ ನಡುವಿನ ಸಂಬಂಧದಲ್ಲಿ; ಮನೆಯ ನಂಬರಿನಲ್ಲಿ ಅಲ್ಲ.

ಆ ರಾತ್ರಿಯ ಮಾತನ್ನು ಅರ್ಧಕ್ಕೆ ಬಿಟ್ಟಿದ್ದೆ. ಮಾಸ್ತರರು ಹುಡುಗನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. “ಬಾ ತಮ್ಮಾ. ಹಾಡಬ್ಯಾಡ, ಸುಮ್ಮನ ‘ಸಾ’ ಅನ್ನು. ನಿನಗ ಎಲ್ಲಿ ಕುಂದರತೈತಿ ಅಲ್ಲಿ ಅನ್ನು” ಎಂದರು. ಹುಡುಗ ಅಂದ. ಅವರ ಬೆರಳು ಒಂದೆರಡು ಮನೆ ತಡಕಾಡಿ ಕಪ್ಪು ಎರಡರ ಮೇಲೆ ನಿಂತಿತು. ಕಪ್ಪು ಐದಕ್ಕೆ ಕೂಡಿಸಿಟ್ಟಿದ್ದ ತಬಲಾವನ್ನು ಇಳಿಸಲು ತಬಲಾದವನು ಸುತ್ತಿಗೆ ಎತ್ತಿದ್ದ. ಮಾಸ್ತರರು ಕೈ ಅಡ್ಡ ಹಿಡಿದರು. “ಅದನ್ನ ಮುಟ್ಟಬ್ಯಾಡ್ರಿ. ಹೋದ ವರ್ಷದ ಷಡ್ಜ, ಈ ವರ್ಷ ಅದ ಇವನ ಪಂಚಮ” ಎಂದರು.

ತಂದೆ ಏನೂ ಅನ್ನಲಿಲ್ಲ. ನಡುರಾತ್ರಿಗೆ ನಾರದ ಬಂದ. ಮೊದಲ ಸಾಲಿನಲ್ಲಿ ಅಂಜಿಕೆ ಇತ್ತು, ಎರಡನೆಯದರಲ್ಲಿ ಇರಲಿಲ್ಲ. ಜನ ಒಮ್ಮೆ ‘ಒನ್ಸ್‌ಮೋರ್’ ಕೂಗಿದರು. ಹಾಡು ಇಳಿದಿದೆಯೆಂದು ಅವರಲ್ಲಿ ಎಷ್ಟು ಮಂದಿಗೆ ತಿಳಿಯಿತೋ ನಾನರಿಯೆ. ಬೆಳಿಗ್ಗೆ ಬಸ್ಸಿಗೆ ಕಾಯುವಾಗ ಗೋಡೆಗೆ ಅಂಟಿಸಿದ್ದ ಹಸ್ತಪತ್ರಿಕೆಯನ್ನು ಓದಿದೆ. ಪಾತ್ರವರ್ಗದ ಹೆಸರುಗಳಿದ್ದವು, ಊರ ಹಿರಿಯರ ಹೆಸರುಗಳಿದ್ದವು, ಪರದೆ ಕೊಟ್ಟವರದೂ ಇತ್ತು. ಪೆಟ್ಟಿಗೆ ಮಾಸ್ತರರ ಹೆಸರು ಇರಲಿಲ್ಲ.